ಕಾಣುತ್ತದೆ ಸಾಹೇಬರು
ನಮ್ಮ ಕ್ರೀಮು ಕಂಪನಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು ‘ಕಾಣುತ್ತದೆ ಸಾಹೇಬರು’. ನಮ್ಮ ಡಬ್ಬಿಗಳಿಗೆ ಪರದೇಶದ ಅಧಿಕಾರಿಗಳ ಒಪ್ಪಿಗೆ ತರಿಸುವುದು ಅವರ ಕೆಲಸ. ಡಬ್ಬಿಯ ಮೇಲೆ ‘ಸುಕ್ಕು ಹೋಗುತ್ತದೆ’ ಎಂದು ಬರೆದರೆ ಅಲ್ಲಿನ ಕಾನೂನಿನ ಪ್ರಕಾರ ಅದು ಔಷಧಿ, ವರ್ಷಗಟ್ಟಲೆ ಪರೀಕ್ಷೆ. ‘ಸುಕ್ಕು ಕಡಿಮೆಯಾದಂತೆ ಕಾಣುತ್ತದೆ’ ಎಂದರೆ ಬರೀ ಮುಖಕ್ಕೆ ಹಚ್ಚುವ ಕ್ರೀಮು, ಸಲೀಸಾಗಿ ಗಡಿ ದಾಟುತ್ತದೆ. ಹಾಗಾಗಿ ‘ಹೋಗುತ್ತದೆ’ ಕಣ್ಣಿಗೆ ಬಿತ್ತೋ, ಸಾಹೇಬರ ಕೆಂಪು ಪೆನ್ನು ಹಾವು ಕಂಡ ಮುಂಗುಸಿಯಂತೆ ಎರಗುತ್ತದೆ. “ಅಲ್ರೀ, ಈ ಕ್ರೀಮು ಕೆಲಸ ಮಾಡುತ್ತೋ ಇಲ್ವೋ?” ಎಂದು ಮಾಲೀಕರು ಗುಡುಗಿದರೆ, “ಮಾಡಿದ ಹಾಗೆ ಕಾಣುತ್ತೆ ಸಾರ್” ಎನ್ನುತ್ತಾರೆ. ಈ ಚಟ ಮನೆಯನ್ನೂ ಬಿಟ್ಟಿಲ್ಲ. ಹೆಂಡತಿ ಊಟ ಬಡಿಸಿ “ಉಪ್ಪು ಸರಿಯಿದೆಯಾ?” ಎಂದರೆ, “ಸರಿಯಿರೋ ಹಾಗಿದೆ, ನಾಲಿಗೆಯಿಂದ ನಾಲಿಗೆಗೆ ವ್ಯತ್ಯಾಸ ಆಗಬಹುದು” ಎಂಬ ಉತ್ತರ. ಮಾವ ತೀರಿಕೊಂಡ ದಿನವೂ “ಹೋದ ಹಾಗೆ ಕಾಣುತ್ತೆ” ಎಂದರಂತೆ. ಅತ್ತೆ ಅಂದಿನಿಂದ ಮಾತು ಬಿಟ್ಟಿದ್ದಾರೆ. ಮೊನ್ನೆ ಅವರ ಪುಟ್ಟ ಮಗಳು ಆಫೀಸಿಗೆ ಬಂದಿದ್ದಳು. ಬಿಸಿನೀರು ಬಿದ್ದು ಅವಳ ಒಂದು ಕೆನ್ನೆ ತುಂಬ ಸುಟ್ಟ ಕಲೆ. ಮೇಜಿನ ಮೇಲಿದ್ದ ಡಬ್ಬಿ ಎತ್ತಿಕೊಂಡು, “ಅಪ್ಪಾ, ಇದು ಹಚ್ಚಿದ್ರೆ ನನ್ನ ಕಲೆ ಹೋಗುತ್ತಾ?” ಎಂದಳು. ನಾವೆಲ್ಲ ಅವರ ಮಾಮೂಲಿ ಉತ್ತರಕ್ಕೆ ಕಿವಿ ನೆಟ್ಟಗೆ ಮಾಡಿದೆವು. ಬೆಳಿಗ್ಗೆಯಷ್ಟೇ ಅದೇ ಡಬ್ಬಿಯ ಬರಹವನ್ನು ತಿದ್ದಿದ್ದ ಸಾಹೇಬರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, “ಹೋಗುತ್ತೆ ಮಗಳೇ, ಪೂರ್ತಿ ಹೋಗುತ್ತೆ” ಎಂದರು.