ಮೇಲಿನ ಶೋಲಾದಲ್ಲಿ ಎರಡು

ಸಾರ್ ಅವರ ಕಿವಿಗಳು ತಲೆಗಿಂತ ಒಂದು ಅಳತೆ ದೊಡ್ಡವು. ಕಿಟಕಿಗೆ ಬೆನ್ನು ಹಾಕಿ ಕೂತರೆ ಬೆಳಗಿನ ಬಿಸಿಲು ತೂರಿ ಬಂದು ಎರಡೂ ಕೆಂಪಗಾಗುತ್ತಿದ್ದವು, ಒಳಗಿನ ಸಣ್ಣ ನರಗಳೂ ಕಾಣುತ್ತಿದ್ದವು. ಜಯನಗರದ ಒಂದು ಬೇಕರಿಯ ಮೇಲಿದ್ದ ನಮ್ಮ ಕಿವಿ ಪರೀಕ್ಷೆಯ ಕ್ಲಿನಿಕ್ಕಿಗೆ ಬರುವವರೆಲ್ಲ ಅವರನ್ನು ‘ಕಿವಿ ಸಾರ್’ ಅಂತಲೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವರಿಗೆ ಬೇಸರವಿರಲಿಲ್ಲ.

ನಾನು ಗದಗಿನಿಂದ ಬಂದು, ಬಿಟಿಎಂನಲ್ಲಿ ರೂಮು ಮಾಡಿಕೊಂಡು, ಅಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿದ್ದೆ. ಪರೀಕ್ಷೆ ಮಾಡುವುದು ಸಾರ್ ಕೆಲಸ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಬಂದವರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಹೊರಗಿನಿಂದ ಬಟನ್ ಒತ್ತಿ ಒಂದೊಂದೇ ಸದ್ದು ಕಳಿಸುವುದು. ಕೇಳಿಸಿದರೆ ಅವರು ಬೆರಳೆತ್ತಬೇಕು. ಸದ್ದೇ ಕಳಿಸದಿದ್ದರೂ ಬೆರಳೆತ್ತುವವರಿದ್ದಾರೆ ಎಂದು ನನಗೆ ಗೊತ್ತಾಗಿದ್ದು ಅಲ್ಲಿ. ಸೊಸೆಯ ಮುಂದೆ ಕಿವುಡಿ ಅನ್ನಿಸಿಕೊಳ್ಳಲು ಒಲ್ಲದ ಅಜ್ಜಿ, ಕೆಲಸ ಹೋದೀತೆಂದು ಹೆದರಿದ ಡ್ರೈವರ್. ಹಿಂದಿನ ಸದ್ದುಗಳ ನಡುವಿನ ಹೊತ್ತನ್ನು ಒಳಗೊಳಗೇ ಎಣಿಸಿ, ಈಗ ಬಂದಿರಬೇಕು ಅಂತ ಅಂದಾಜಿನ ಮೇಲೆ ಎತ್ತುತ್ತಿದ್ದರು. ನಾನು ನಕ್ಕರೆ ಸಾರ್ ಗದರುತ್ತಿದ್ದರು.

“ನಗಬೇಡಮ್ಮ. ಅವರು ಸುಳ್ಳು ಹೇಳ್ತಿಲ್ಲ, ಅವರಿಗೆ ನಿಜವಾಗ್ಲೂ ಕೇಳಿಸ್ತಿದೆ. ಕಿವಿ ಕೈಬಿಟ್ಟಾಗ ಆಸೆ ಕೇಳಿಸ್ಕೊಳ್ಳುತ್ತೆ.”

ಅವರು ಬಿಳೇಕಹಳ್ಳಿಯ ಹಳೇ ಮನೆತನದವರು. ಅಪ್ಪನ ಕಾಲದಲ್ಲಿ ರಾಗಿ ಬೆಳೆದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ಸದ್ದೆಂದರೆ ಅವರಿಗೆ ಮೈಯೆಲ್ಲ ಉರಿ. ಮಡಿವಾಳದ ಟ್ರಾಫಿಕ್ ದಾಟುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಮದುವೆಗೆ ಹೋದರೆ ವಾಲಗ ನಿಂತ ಮೇಲೆ ಒಳಗೆ ಕಾಲಿಡುತ್ತಿದ್ದರು, ಊಟಕ್ಕೆ ಮಾತ್ರ ಬಂದ ಎಂದು ಜನ ಆಡಿಕೊಂಡರೂ ಸರಿಯೇ. ಕೋಣೆಯ ಆ ಮೂಲೆಯಲ್ಲಿ ಸೊಳ್ಳೆ ಗುಂಯ್ ಎಂದರೆ ಈ ಮೂಲೆಯಿಂದ ಬ್ಯಾಟು ಹಿಡಿದು ಏಳುತ್ತಿದ್ದರು.

ಅಂಥವರು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ನಾಲ್ಕು ದಿನ ರಜ ಹಾಕಿ ಒಂದು ಹಕ್ಕಿಯ ಹಾಡು ಕೇಳಲು ಘಟ್ಟಕ್ಕೆ ಹೋಗುತ್ತಿದ್ದರು. ತುಂಬ ಎತ್ತರದ ಬೆಟ್ಟ. ನೆತ್ತಿಯ ಮೇಲೆ ಬರೀ ಹುಲ್ಲು, ಹುಲ್ಲಿನ ಮಡಿಕೆಗಳಲ್ಲಿ ಗಿಡ್ಡ ಮರಗಳು ಒತ್ತೊತ್ತಾಗಿ ಬೆಳೆದ ಶೋಲಾ ಕಾಡು. ಆ ಕಾಡಿನ ನೆರಳಲ್ಲಿ, ನೆಲಕ್ಕೆ ಹತ್ತಿರದಲ್ಲೇ, ಗುಬ್ಬಚ್ಚಿಗಿಂತ ಒಂಚೂರು ದೊಡ್ಡದಾದ ಈ ಹಕ್ಕಿಯ ಬಾಳು. ನೀಲಿ ಬೂದು ಮೈ, ಹೊಟ್ಟೆಯ ಪಕ್ಕಕ್ಕೆ ಇಟ್ಟಿಗೆ ಬಣ್ಣ. ಶೋಲಾಕಿಲಿ ಅನ್ನುತ್ತಾರೆ. ಕೆಳಗಿನ ಕಣಿವೆಯ ಸೆಕೆ ಅದಕ್ಕಾಗದು. ಹಾಗಾಗಿ ಎದುರಿಗೇ ಕಾಣುವ ಇನ್ನೊಂದು ಬೆಟ್ಟಕ್ಕೂ ಹೋಗಲಾರದು. ಒಂದೊಂದು ಬೆಟ್ಟದ ಮೇಲೆ ಒಂದೊಂದು ಗುಂಪು ಸಿಕ್ಕಿಕೊಂಡು, ತಲೆತಲಾಂತರದಿಂದ ತಮ್ಮದೇ ಧಾಟಿಯಲ್ಲಿ ಹಾಡಿಕೊಂಡಿವೆ.

“ನಿಮ್ಮ ಗದಗಿನ ಮಾತು ಬೇರೆ, ನಮ್ಮ ಬಿಳೇಕಹಳ್ಳಿ ಮಾತು ಬೇರೆ ಅಲ್ವಾ, ಹಂಗೆ,” ಎಂದಿದ್ದರು ಸಾರ್. “ಆದ್ರೆ ನೀನು ಬಸ್ ಹತ್ತಿ ಬಂದೆ. ಅದಕ್ಕೆ ಬಸ್ಸಿಲ್ಲ. ಆ ಬೆಟ್ಟದಲ್ಲಿ ಮುಗೀತು ಅಂದ್ರೆ ಆ ಹಾಡೇ ಮುಗೀತು.”

ಅವರ ಜೊತೆ ಹೋಗುತ್ತಿದ್ದ ಗೆಳೆಯರಿಗೆ ಮಂಡಿನೋವು ಬಂದ ವರ್ಷ ನನ್ನನ್ನು ಕರೆದರು. ಸಾರ್ ಮನೆಯವರೂ, ನಾನು ಆಂಟಿ ಅನ್ನುವವರು, ಬರುತ್ತಿದ್ದರು. ಅವರು ಬೆಟ್ಟದ ಬುಡದ ವಸತಿಗೃಹದಲ್ಲೇ ಉಳಿದು ನಮಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಹಾಡುವ ಹಕ್ಕಿಗಳ ಎಣಿಕೆಗೆ ಸಾರ್‌ದೇ ಒಂದು ಕಟ್ಟಳೆ. ಕೆಳಗಿನ ಶೋಲಾದಲ್ಲಿ ಹತ್ತು ನಿಮಿಷ, ಮೇಲಿನ ಶೋಲಾದಲ್ಲಿ ಹತ್ತು ನಿಮಿಷ ನಿಲ್ಲಬೇಕು. ತುಟಿ ಬಿಚ್ಚುವಂತಿಲ್ಲ. ಒಬ್ಬರು ಕಣ್ಣು ಮುಚ್ಚಿ ಕೇಳಬೇಕು, ಹಾಡಿದ ಪ್ರತಿ ಹಕ್ಕಿಗೂ ಒಂದು ಸಲ ಬೆರಳೆತ್ತಬೇಕು. ಇನ್ನೊಬ್ಬರು ಬೆರಳು ನೋಡಿ ಎಣಿಕೆಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರೆಯುವವರು ತಮ್ಮ ಕಿವಿಯ ಲೆಕ್ಕ ಸೇರಿಸುವಂತಿಲ್ಲ, ಇಬ್ಬರೂ ಎಣಿಸಿದರೆ ಒಂದೇ ಹಕ್ಕಿ ಎರಡಾಗುತ್ತದೆ. ರೆಕಾರ್ಡರ್ ಇಡಬಹುದಲ್ಲ ಎಂದರೆ ಅವರಿಗೆ ಸಿಟ್ಟು. “ಹಂಗಾದ್ರೆ ನಾನ್ಯಾಕಮ್ಮ ಬೆಟ್ಟ ಹತ್ತಬೇಕು?”

ಮೊದಲ ವರ್ಷ ನನಗಿಂತ ಮುಂಚೆ ಅವರ ಬೆರಳು ಏಳುತ್ತಿತ್ತು. ಕೊಳಲಿನ ತುದಿಸ್ವರದಂಥ ತೆಳ್ಳನೆಯ ಸಿಳ್ಳೆ, ಕೊನೆಯಲ್ಲಿ ಚೂರು ಗರಗರ. ಅವರು ಬೆರಳೆತ್ತಿದ ಮೇಲೆ ನನಗೆ ಕೇಳಿಸುತ್ತಿತ್ತು. ಎರಡನೆಯ ವರ್ಷ ನನಗೂ ಅವರಿಗೂ ಒಟ್ಟಿಗೇ ಕೇಳಿಸಿತು. ನಾನು ಕಲಿತುಬಿಟ್ಟೆ ಎಂದು ಹಿಗ್ಗಿದೆ. ಹಕ್ಕಿಗಳು ಮಾತ್ರ ಕಡಿಮೆಯಾಗಿದ್ದವು. ಕೆಳಗೆ ಬಿಸಿಲು ಏರುತ್ತಿದೆ, ಅವು ಮೇಲೆ ಹೋಗುತ್ತಿವೆ ಎಂದು ಸಾರ್ ನಂಬಿದ್ದರು. “ಮೇಲೆ ಹೋಗೋಕೆ ಇನ್ನೆಷ್ಟು ಬೆಟ್ಟ ಉಳಿದಿದೆ ಹೇಳು?” ಎಂದು ಬಸ್ಸಿನಲ್ಲಿ ಕೇಳಿದರು.

ಆ ಮಳೆಗಾಲ ಕ್ಲಿನಿಕ್ಕಿನ ಯುಪಿಎಸ್ ಕೆಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಕೀಂ ಕೀಂ ಎನ್ನುತ್ತಿತ್ತು. ನನಗೆ ತಲೆ ಸಿಡಿಯುವಂತಾಗಿತ್ತು. ಸಾರ್ ಅದರ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಪೇಪರ್ ಓದುತ್ತಿದ್ದರು. ವಯಸ್ಸಾಯಿತು, ತಾಳ್ಮೆ ಬಂದಿದೆ ಅಂದುಕೊಂಡೆ. ಕಿವಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು ನಾನು, ಹಾಗೆ ಅಂದುಕೊಂಡೆ!

ಮೂರನೆಯ ವರ್ಷ ಹೋದಾಗ ಅರಣ್ಯ ಇಲಾಖೆಯವರು ಬೆಟ್ಟ ಹತ್ತುವವರಿಗೆ ಹೊಸ ಕಾಲುದಾರಿ ಮಾಡುವ ಯೋಚನೆಯಲ್ಲಿದ್ದರು. ಮೇಲಿನ ಶೋಲಾದ ಮೂಲಕವೋ, ಕೆಳಗಿನದರ ಮೂಲಕವೋ ಎಂಬುದೊಂದೇ ಪ್ರಶ್ನೆ. “ಹಕ್ಕಿ ಎಲ್ಲಿದೆ ಅಂತ ನಿಮ್ಮ ಪುಸ್ತಕ ಹೇಳುತ್ತೋ, ಅದನ್ನ ಬಿಟ್ಟು ಇನ್ನೊಂದರಲ್ಲಿ ಮಾಡ್ತೀವಿ ಸಾರ್,” ಎಂದರು. ಅಷ್ಟು ನಂಬಿಕೆ ಅವರ ಮೇಲೆ.

ಕೆಳಗಿನ ಶೋಲಾದಲ್ಲಿ ನಿಂತೆವು. ಎರಡು ನಿಮಿಷ ಕಳೆದಿರಬೇಕು, ಎಡಗಡೆಯ ಪೊದೆಯಿಂದ ಹಕ್ಕಿ ಹಾಡಿತು. ಅಷ್ಟು ಹತ್ತಿರದಿಂದ ನಾನೆಂದೂ ಕೇಳಿರಲಿಲ್ಲ. ಸಾರ್ ಕಡೆ ನೋಡಿದೆ. ಬೆರಳು ಏಳಲಿಲ್ಲ. ಅದೇ ಹಕ್ಕಿ ಮತ್ತೆ ಹಾಡಿತು. ಬೆರಳು ತೊಡೆಯ ಪಕ್ಕದಲ್ಲೇ ಇತ್ತು. ನನಗೇ ತಪ್ಪಾಯಿತೇನೋ, ಬೇರೆ ಹಕ್ಕಿಯಿರಬೇಕು, ಇಲ್ಲದಿದ್ದರೆ ಇಂಥ ಕಿವಿಗೆ ತಪ್ಪೀತೇ? ಸೊನ್ನೆ ಬರೆದೆ.

ಮೇಲಿನ ಶೋಲಾ ಬಣಬಣ ಎನ್ನುತ್ತಿತ್ತು. ಗಾಳಿಯೂ ಇರಲಿಲ್ಲ. ಅಂಥ ಕಾಡಿನಲ್ಲಿ ಒಂದು ಎಲೆಯೂ ಅಲ್ಲಾಡದೆ ಹತ್ತು ನಿಮಿಷ ನಿಲ್ಲುವುದು ನನಗೆ ಹೆದರಿಕೆ ತಂದಿತು. ಆಗ ಸಾರ್ ಬೆರಳು ಎದ್ದಿತು. ಕಣ್ಣು ಮುಚ್ಚಿದ್ದರು, ಮುಖದಲ್ಲಿ ಎಳೆಯ ನಗು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದಿತು. ಅದು ನಾನು ಗಾಜಿನ ಈಚೆಯಿಂದ ನೂರಾರು ಸಲ ನೋಡಿದ್ದ ಬೆರಳು. ಏನಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು, ಗೊತ್ತಾಗಲಿಲ್ಲ ಎಂದು ಇಂದು ಹೇಳಿದರೆ ಸುಳ್ಳಾಗುತ್ತದೆ. ಆದರೂ ಪುಸ್ತಕದಲ್ಲಿ ‘ಮೇಲೆ: ಎರಡು’ ಎಂದು ಬರೆದೆ.

“ಎರಡಂತೂ ಇದೆ ಕಣಮ್ಮ,” ಎಂದರು ಸಾರ್ ಇಳಿಯುತ್ತ. ಆಂಟಿಗೂ ಅದನ್ನೇ ಹೇಳಿದರು. ಆಂಟಿ ಅವತ್ತು ಒಂದು ಚಪಾತಿ ಹೆಚ್ಚು ಬಡಿಸಿದರು.

ದಾರಿ ಕೆಳಗಿನ ಶೋಲಾದ ಮೂಲಕ ಆಯಿತು.

ಮುಂದಿನ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದಾಗ ಎಡಗಡೆಯ ಪೊದೆ ಇದ್ದ ಕಡೆ ಕಲ್ಲಿನ ಮೆಟ್ಟಿಲಿತ್ತು. ಶನಿವಾರದ ಜನ ಸಾಲಾಗಿ ಹತ್ತುತ್ತಿದ್ದರು, ಒಬ್ಬನ ಹೆಗಲಲ್ಲಿ ಸ್ಪೀಕರ್. ಅವರೆಲ್ಲ ಇಳಿದುಹೋಗುವವರೆಗೆ ಕಾದು, ಮರುದಿನ ಬೆಳಕು ಹರಿಯುವ ಮೊದಲೇ ಬಂದು ಮತ್ತೆ ನಿಂತೆವು. ನನಗೇನೂ ಕೇಳಿಸಲಿಲ್ಲ. ಮೇಲೆಯೂ ಇಲ್ಲ. ಸಾರ್ ಬೆರಳು ಅರ್ಧ ಎದ್ದು ನಿಂತಿತು. ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಕಟ್ಟಳೆ ಮುರಿದು ಬಾಯಿ ಬಿಟ್ಟದ್ದು ಅದೊಂದೇ ಸಲ.

“ನಿನಗೆ ಕೇಳಿಸ್ತೇನಮ್ಮ?”

“ಇಲ್ರೀ ಸರ.”

“ಹೋದ ವರ್ಷ?”

ಕೆಳಗಿನ ಶೋಲಾದ ಹಾಡನ್ನೂ ಮೇಲಿನದರ ಮೌನವನ್ನೂ ಹೇಳಿದೆ. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಸೋಮವಾರ ಕ್ಲಿನಿಕ್ಕು ತೆರೆಯುವ ಮೊದಲು ಗಾಜಿನ ಕೋಣೆಯೊಳಗೆ ತಾವೇ ಹೋಗಿ ಹೆಡ್‌ಫೋನ್ ಹಾಕಿಕೊಂಡು, ನನಗೆ ಬಟನ್ ಒತ್ತಲು ಹೇಳಿದರು. ದಪ್ಪ ಸದ್ದುಗಳಿಗೆಲ್ಲ ಸರಿಯಾಗಿ ಬೆರಳೆತ್ತಿದರು. ಸದ್ದು ತೆಳ್ಳಗಾಗುತ್ತ ಹೋದಂತೆ ಆ ಬೆರಳು ಅಲುಗಲಿಲ್ಲ, ನಾನು ಜೋರು ಮಾಡುತ್ತಲೇ ಹೋದೆ. ಒಂದು ಸಲವೂ ಅಂದಾಜಿನ ಮೇಲೆ ಎತ್ತಲಿಲ್ಲ. ಹೊರಗೆ ಬಂದು ಕಾಗದದ ಮೇಲಿನ ಗೆರೆ ನೋಡಿದರು. ಊರಿನವರ ಕಿವಿಯನ್ನೆಲ್ಲ ಅಳೆದವರು ತಮ್ಮದನ್ನು ಅದೆಷ್ಟು ವರ್ಷದಿಂದ ಅಳೆದಿರಲಿಲ್ಲವೋ.

“ನನಗೆ ಕೇಳಿಸ್ಲಿಲ್ಲ, ಅದು ವಯಸ್ಸು,” ಎಂದರು. “ನಿನಗೆ ಕೇಳಿಸಿತ್ತು. ನೀನು ಹೇಳಬೇಕಿತ್ತು.”

“ನಿಮಗ ಬ್ಯಾಸರ ಆಕ್ಕೈತಿ ಅಂತ ಸುಮ್ಮನಾದೆ ಸರ.”

“ನನ್ನ ಬೇಸರ ಎಷ್ಟು ದಿನದ್ದಮ್ಮ?”

ಅಷ್ಟೇ. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಪುಸ್ತಕ ತೆಗೆದು ಹಿಂದಿನ ವರ್ಷದ ಪುಟದಲ್ಲಿ ನನ್ನ ಕೈಯಿಂದಲೇ ‘ಎರಡು’ ಎಂಬುದನ್ನು ಹೊಡೆದುಹಾಕಿಸಿದರು. ಕೆಳಗೆ ಒಂದು, ಮೇಲೆ ಸೊನ್ನೆ. ತಿದ್ದಿದ್ದಕ್ಕೆ ಅವರೂ ಸಹಿ ಹಾಕಿದರು, ನಾನೂ ಹಾಕಿದೆ. ಅರಣ್ಯದವರಿಗೆ ಅವರೇ ಪತ್ರ ಬರೆದರು. ಇಲಾಖೆಯವರು ದಾರಿ ಮುಚ್ಚಲು ಒಪ್ಪಿದರು, ಮುಚ್ಚಿದರು ಕೂಡ. ಅಷ್ಟರಲ್ಲಿ ಮಳೆ ಹಿಡಿದಿತ್ತು.

ಆ ವರ್ಷ ದಸರಾ ಮುಗಿದ ವಾರ ಸಾರ್ ಎದೆನೋವಿನಿಂದ ತೀರಿಕೊಂಡರು. ಮನೆಯ ಮುಂದೆ ಯಾರೋ ತಮಟೆಯವರನ್ನು ಕರೆಸಿದ್ದರು, ಆಂಟಿ ಕೈಮುಗಿದು ವಾಪಸ್ ಕಳಿಸಿದರು.

ಈಗ ಏಪ್ರಿಲ್ ಬಂದರೆ ನಾನು ಹೋಗುತ್ತೇನೆ. ರೆಕಾರ್ಡರ್ ಒಯ್ಯುತ್ತೇನೆ, ಯಂತ್ರಕ್ಕೆ ಆಸೆಯಿಲ್ಲ. ಮುಚ್ಚಿದ ದಾರಿಯ ಮೆಟ್ಟಿಲುಗಳ ಮೇಲೆ ಹುಲ್ಲು ಬರುತ್ತಿದೆ. ಕೆಳಗೆ ಹತ್ತು ನಿಮಿಷ, ಮೇಲೆ ಹತ್ತು ನಿಮಿಷ ನಿಂತು ಇಳಿದು ಬಂದು, ಸೀದಾ ಬಿಳೇಕಹಳ್ಳಿಗೆ ಹೋಗುತ್ತೇನೆ. ಆಂಟಿ ಗೇಟಿನ ಹತ್ತಿರವೇ ನಿಂತಿರುತ್ತಾರೆ. ನಾನು ಚಪ್ಪಲಿ ಬಿಡುವಷ್ಟೂ ತಡೆಯುವುದಿಲ್ಲ.

“ಕೇಳಿಸ್ತೇನಮ್ಮ?”

ಸಾರ್ ಇಲ್ಲದ ಮೊದಲ ವರ್ಷ ‘ಒಂದು ಕೇಳಿಸ್ತ್ರೀ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿದರೆ ಯಾರಿಗಾದರೂ ಬರುತ್ತದೆ. ಈ ವರ್ಷವೂ ಬಂತು.

“ಇಲ್ರೀ ಆಂಟಿ. ಒಂದೂ ಇಲ್ಲ,” ಎಂದೆ.

ಅವರು ತಲೆಯಾಡಿಸಿ ಕಾಫಿ ತರಲು ಒಳಗೆ ಹೋದರು. ಅಂದು ಬೆಟ್ಟದ ಮೇಲೆ ಗಂಡನಿಗೆ ಹೇಳಬೇಕಾಗಿದ್ದ ಮಾತನ್ನು ನಾನು ಹೀಗೆ ವರ್ಷಕ್ಕೊಮ್ಮೆ ಹೆಂಡತಿಗೆ ಹೇಳುತ್ತಿದ್ದೇನೆ.