ಕರೆವ್ವನಿಗೆ ಹೇಳಿದ ಊಟದ ಪಾಠ

ನೀಲಾ, ಈರಣ್ಣ, ನಿನ್ನೆ ನೀವು ಊಟಕ್ಕೆ ಕುಳಿತಾಗ ನಾನು ಹೇಳಲೆಂದು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ ಮಾತನ್ನು ಈಗ ಬರೆಯುತ್ತಿದ್ದೇನೆ. ನೀಲಾ ಸಾಲೆಯ ಪುಸ್ತಕದಿಂದ ಆಹಾರದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು: ಬಲಕ್ಕೆ ಧಾನ್ಯ, ಮೈ ಬೆಳೆಯಲು ಕಾಳು, ಎಲುಬಿಗೆ ಹಾಲು, ರೋಗ ತಡೆಯಲು ಸೊಪ್ಪು. ಅದೇ ಹೊತ್ತಿಗೆ ಈರಣ್ಣ ಹಸಿ ಹಕ್ಕರಕಿ ಸೊಪ್ಪಿನ ಎಲೆಗಳನ್ನು ಒಂದೊಂದಾಗಿ ತಾಟಿನ ಕೆಳಗೆ ಅಡಗಿಸುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಈ ಕಳ್ಳತನ ಅವನ ಅಜ್ಜನಿಂದಲೇ ಬಂದದ್ದು.

ಎದುರಿಗೆ ನಿಂತು ಮಾತಾಡುವುದು ನನಗೆ ಎಂದೂ ಬರಲಿಲ್ಲ. ಸಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಪಾಟಿಯ ಮೇಲೆ ಉತ್ತರ ಬರೆದು ಎತ್ತಿ ಹಿಡಿಯುತ್ತಿದ್ದೆ. ಮಸಗುಪ್ಪಿಗೆ ಸೊಸೆಯಾಗಿ ಬಂದ ಮೇಲೆ ಪಾಟಿಯೂ ಇಲ್ಲ. ಹಿರಿಯರ ಮುಂದೆ ಗಂಡನೊಡನೆ ಮಾತಾಡುವಂತಿರಲಿಲ್ಲ. ಆದರೆ ಆಗಿನ ಸೊಸೆಯರಿಗೆ ಒಂದು ಉಪಾಯ ಗೊತ್ತಿತ್ತು: ದನಕ್ಕೆ ಹೇಳಿದಂತೆ ಮಾಡಿ ಗಂಡನಿಗೆ ಕೇಳಿಸುವುದು. ನಮ್ಮ ಎಮ್ಮೆಯ ಹೆಸರು ಕರೆವ್ವ. ನನ್ನ ಸಂಸಾರದ ಅರ್ಧ ಮಾತು ಅವಳ ಕಿವಿಯನ್ನು ಹಾಯ್ದೇ ಹೋಗಿದೆ.

ನಿಮ್ಮ ಅಜ್ಜನಿಗೆ ಆಗ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ನೌಕರಿ. ಒಂಟಿ ಕೋಣೆ, ಕೈಯಡುಗೆ. ಬಿಳಿ ಅನ್ನ, ಸಕ್ಕರೆ, ಚಹಾ ಇಷ್ಟಿದ್ದರೆ ಅದೇ ನೌಕರದಾರನ ಊಟವೆಂದು ಅವರ ನಂಬಿಕೆ. ಹಸಿ ಪಲ್ಲೆ ಕಂಡರೆ "ಅದು ದನಾ ತಿನ್ನೂದು" ಎನ್ನುತ್ತಿದ್ದರು. ವರ್ಷ ತಿರುಗುವುದರೊಳಗೆ ಒಸಡು ಊದಿ ರಕ್ತ ಬಂತು, ಮುಂದಿನ ಎರಡು ಹಲ್ಲು ಅಲುಗಾಡತೊಡಗಿದವು. ರಜೆ ಹಾಕಿ ಮನೆಗೆ ಬಂದರು. ಅತ್ತೆ ಅಕ್ಕರೆಯಿಂದ ಮತ್ತಷ್ಟು ಮೆತ್ತನೆಯ ಅನ್ನ, ಮತ್ತಷ್ಟು ಸಕ್ಕರೆ ಬಡಿಸಿದರು. ಗೋಕಾಕ ಸಂತೆಯಲ್ಲಿ ಹಲ್ಲು ಕೀಳುವವನಿಗೆ ಬಾಯಿ ಒಪ್ಪಿಸುವುದೆಂದು ನಿಶ್ಚಯವಾಯಿತು. ಸಂತೆಗೆ ಎರಡೇ ದಿನ. ಇಪ್ಪತ್ತೆರಡರ ಗಂಡ ಬೊಚ್ಚುಬಾಯಿಯ ಮುದುಕನಾಗುತ್ತಾನಲ್ಲ ಎಂದು ನನಗೆ ಅಳು. ತವರಿನಲ್ಲಿ ಒಸಡು ಬಾತರೆ ಅವ್ವ ಹಸಿ ಸೊಪ್ಪು, ನಿಂಬೆಹಣ್ಣು ತಿನ್ನಿಸುತ್ತಿದ್ದಳು. ಅದನ್ನು ಇವರಿಗೆ ಹೇಳುವುದು ಹೇಗೆ?

ಬೆಳಿಗ್ಗೆ ಅವರು ಗಲ್ಲ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಎಮ್ಮೆಗೆ ಹಸಿಹುಲ್ಲು ಹಾಕುತ್ತ ಧೈರ್ಯ ಮಾಡಿದೆ.

"ಕರೆವ್ವಾ, ನೀ ಏನ ಅನ್ನಾ ಸಕ್ಕರಿ ತಿಂತಿಯೇನ? ಹಸರ ತಿಂತಿ. ಅದಕ್ಕ ನಿನ್ನ ಮುಂದಿನ ಹಲ್ಲ ಹೆಂಗ ಗಟ್ಟಿ ಅದಾವ ನೋಡು!"

ಕಟ್ಟೆಯಿಂದ ಉತ್ತರವೂ ಎಮ್ಮೆಗೇ ಬಂತು. "ಕರೆವ್ವಾ, ನಿನಗ ಮ್ಯಾಲ ಮುಂದಿನ ಹಲ್ಲೇ ಇಲ್ಲಂತ ಅಕಿಗೆ ಹೇಳವಾ."

ಖರೆ! ಯಾವ ಎಮ್ಮೆಗೂ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿರುವುದಿಲ್ಲ. ದನಗಳ ನಡುವೆಯೇ ಬೆಳೆದವಳು ಗಾಬರಿಯಲ್ಲಿ ಅದನ್ನೇ ಮರೆತಿದ್ದೆ. ಕರೆವ್ವ ಬೇರೆ, ಆಗಲೇ ಬಾಯಿ ಅಗಲಿಸಿ ಅವರ ಪರವಾಗಿ ಸಾಕ್ಷಿ ಹೇಳಿದಳು.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಬಂದರು. ನಾನು ಎಮ್ಮೆಯ ಹಿಂದೆ ಅಡಗಿದೆ.

"ಕರೆವ್ವಾ," ಎಂದರು ಅವರೂ, ನಗುತ್ತ ನಗುತ್ತ, "ಮ್ಯಾಲ ಹಲ್ಲ ಇಲ್ಲದನ ನೀ ಇಷ್ಟ ಗಟ್ಟಿಮುಟ್ಟ ಅದಿ. ಇದ್ದ ಹಲ್ಲ ಕೀಳಸಾಕ ಹೊಂಟಾಂವಗ ನಿನ್ನ ಬುದ್ಧಿ ಒಂದೀಟ ಕೊಡು. ಈ ಸಂತಿ ಬ್ಯಾಡ. ಮುಂದಿನ ಸಂತಿ ಮಟಾ ಹಸರ ತಿನ್ನಲಿ, ಆಮ್ಯಾಲ ನೋಡೂಣು."

ಹಕ್ಕರಕಿಯನ್ನು ಸಣ್ಣಗೆ ಹೆಚ್ಚಿ, ಮೊಸರು ಕಲಸಿ, ನಿಂಬೆಹಣ್ಣು ಹಿಂಡಿ ಕೊಟ್ಟೆ. ಮೊದಲ ತುತ್ತಿನ ಉರಿಗೆ ಅವರು ಅಂಗಳವನ್ನು ಎರಡು ಸುತ್ತು ಹಾಕಿದರು. "ಕರೆವ್ವಾ, ಅಕಿ ನನ್ನ ಕೊಲ್ಲಾಕತ್ತಾಳ!" ಆದರೂ ಮತ್ತೆ ಬಂದು ಕುಳಿತರು. ನಾಲ್ಕಾರು ದಿನಗಳಲ್ಲಿ ರಕ್ತ ನಿಂತಿತು, ಊತ ಇಳಿಯಿತು. ಮುಂದಿನ ಸಂತೆಗೆ ಯಾರೂ ಹಲ್ಲಿನ ಮಾತೆತ್ತಲಿಲ್ಲ. ಅದರಾಚೆಯ ಸಂತೆಗೆ ನಿಮ್ಮ ಅಜ್ಜ ಹೋಗಿ ಮೂಲಂಗಿಯ ಕಟ್ಟು ತಂದರು. ಒಂದು ಮೂಲಂಗಿಯ ಮೇಲೆ ಎರಡು ಹಲ್ಲಿನ ಗುರುತು ಅಚ್ಚೊತ್ತಿದಂತಿತ್ತು. "ಇದು ನಿನಗ, ಕರೆವ್ವಾ" ಎಂದರು. ಕೊಟ್ಟದ್ದು ಮಾತ್ರ ನನ್ನ ಕೈಗೆ.

ನೀಲಾ, ನಿನ್ನ ಪುಸ್ತಕ ಹೇಳುವುದೆಲ್ಲ ಖರೆ. ಜೋಳದ ರೊಟ್ಟಿ, ಕಾಳುಪಲ್ಲೆ, ಮಜ್ಜಿಗೆ, ಹಸಿ ಸೊಪ್ಪು, ಎಲ್ಲವೂ ನಮ್ಮ ತಾಟಿನಲ್ಲೇ ಇವೆ. ತಾಟಿನಿಂದ ಬಾಯಿಗೆ ಇರುವ ಗೇಣು ದಾರಿಯೇ ಕಷ್ಟದ್ದು. ಅಷ್ಟಕ್ಕೆ ಪುಸ್ತಕ ಸಾಲದು, ಯಾರಾದರೊಬ್ಬ ಕರೆವ್ವ ಬೇಕು.

ಈ ಹಾಳೆಗಳನ್ನು ಗೋಡೆಯ ಗೂಡಿನಲ್ಲಿ ಜೋಪಾನವಾಗಿಡಿ. ಕೊಟ್ಟಿಗೆಯ ಕಡೆ ಮಾತ್ರ ಒಯ್ಯಬೇಡಿ. ಅಲ್ಲಿರುವ ಕರೆವ್ವನ ಮೊಮ್ಮಗಳು ಕಾಗದ ಕಂಡರೆ ಬಿಡುವುದಿಲ್ಲ. ಅವಳು ತಿಂದರೆ ದಂಡ. ಅವಳಿಗೆ ಇದೆಲ್ಲ ಮೊದಲೇ ಗೊತ್ತು.