ಇಡ್ಲಿ ಮುಟ್ಟದ ಗಿರಾಕಿ

ಹೋದ ಶ್ರಾವಣದಲ್ಲಿ ತೀರಿಕೊಂಡ ನಮ್ಮ ಹರಿದಾಸ, ತನ್ನನ್ನು ಗೇಲಿ ಮಾಡುವ ಕೆಲಸವನ್ನು ಗೆಳೆಯರಿಗೆ ಎಂದೂ ಬಿಟ್ಟುಕೊಟ್ಟವನಲ್ಲ. ನಾವು ಬಾಯಿ ತೆರೆಯುವ ಮೊದಲೇ ತಾನೇ ಮುಗಿಸಿಬಿಡುತ್ತಿದ್ದ. ಈಗ ಆ ಕೆಲಸ ನಮ್ಮ ಪಾಲಿಗೆ ಬಂದಿದೆ. ನಮಗೆ ಅವನಷ್ಟು ಚೆನ್ನಾಗಿ ಬರುವುದಿಲ್ಲ.

ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು, ಅಡ್ಯಾರಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಲೋಟ ತೊಳೆದು, ಸಪ್ಲೈಯರ್ ಆಗಿ, ಕೊನೆಗೆ ಮ್ಯಾನೇಜರ್ ಆದವನು. ಎದುರು ಬಂದವರು ಯಾರೇ ಇರಲಿ, ಅವನ ಮೊದಲ ಮಾತು "ಊಟ ಆಯ್ತಾ?" ಎಗ್ಮೋರಿನಲ್ಲಿ ರೈಲು ಇಳಿದ ನೆಂಟನಿಗೂ ಅದೇ, ದಂಡ ಹಾಕಲು ತಡೆದ ಪೊಲೀಸನಿಗೂ ಅದೇ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ದಿನಾ ನಡೆಯಲು ಹೇಳಿದರು. ನಡೆಯಲು ಬೆಸೆಂಟ್ ನಗರದ ಕಡಲತಡಿಗೆ ಹೋದ. ಕಡಲಾಮೆಯ ಮೊಟ್ಟೆಗಳನ್ನು ಬೇಲಿಯೊಳಗಿನ ಮರಳಲ್ಲಿ ಹುಗಿದು, ಹೊರಬಂದ ಮರಿಗಳನ್ನು ಸಮುದ್ರಕ್ಕೆ ಬಿಡುವ ಒಂದು ಗುಂಪು ಅಲ್ಲಿತ್ತು. ಹರಿದಾಸ ಅದರೊಳಗೆ ಸೇರಿಕೊಂಡ.

"ಆಮೆ ಹೊಕ್ಕ ಮನೆ ಹಾಳು ಅಂಬ್ರ್," ಎಂದಳು ಹೆಂಡತಿ ತುಂಗಾ. "ನೀವು ಹೊರಗೇ ಕಾಲು ತೊಳ್ಕಂಡ್ ಬನ್ನಿ."

"ನಾನೇ ಆಮೆಯ ಹಾಗೆ ಈ ಮನೆಯೊಳಗೆ ತೆವಳುತ್ತಾ ಇಷ್ಟು ವರ್ಷ ಆಯ್ತಲ್ಲ ಮಾರಾಯ್ತಿ. ಮನೆ ಇನ್ನೂ ನಿಂತೇ ಉಂಟು!"

ಗಟ್ಟಿಮುಟ್ಟಾದ ಮರಿಗಳು ಗೂಡಿನಿಂದ ಎದ್ದ ಕೂಡಲೇ ಕಡಲಿಗೆ ಓಡುತ್ತಿದ್ದವು. ಕೆಲವು ಮಾತ್ರ ತೆವಳಲಾರದೆ ಉಳಿಯುತ್ತಿದ್ದವು. ಅವುಗಳ ಹೊಟ್ಟೆಯಡಿ ಹೊಕ್ಕುಳು ಇನ್ನೂ ಮುಚ್ಚಿರುತ್ತಿರಲಿಲ್ಲ. ಚೇತರಿಸಿಕೊಳ್ಳುವವರೆಗೆ ಅವುಗಳನ್ನು ಗರಿಯ ಚಪ್ಪರದ ಕೆಳಗೆ, ಕಡಲ ನೀರಿನ ಟಬ್ಬಿನಲ್ಲಿ ಇಡುತ್ತಿದ್ದರು. ನೋಡಿಕೊಳ್ಳುವ ಕೆಲಸ ಹರಿದಾಸನದು. ಅವುಗಳ ಮೇಲೆ ಅವನಿಗೆ ಎಷ್ಟು ಜೀವವೆಂದರೆ, ಕೌಂಟರಿನಲ್ಲಿ ಕೂತು ಗಿರಾಕಿಗೆ ಚಿಲ್ಲರೆ ಕೊಡುವಾಗಲೂ ಗಡಿಯಾರ ನೋಡುತ್ತಿದ್ದ.

ಆದರೆ ಮರಿಗಳು ಸಾಯತೊಡಗಿದವು. ಕುತ್ತಿಗೆಯ ಮೇಲೆ ಬೂಷ್ಟಿನಂಥ ಬಿಳಿ ಮಚ್ಚೆ, ಊದಿ ಮುಚ್ಚಿದ ಕಣ್ಣು, ಬೆಳಗಾಗುವುದರೊಳಗೆ ನೀರ ಮೇಲೆ ತೇಲುವ ಮೈ. ಪಶುವೈದ್ಯೆ ಮಾಧವಿ ಸತ್ತ ಮರಿಗಳನ್ನು ಕೊಯ್ದು ನೋಡಿದಳು. ಅವಳು ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆಸಿದ ಮಾಧ್ವರ ಮನೆಯ ಹುಡುಗಿ; ಅವಳ ಕನ್ನಡದೊಳಗೆ ತಮಿಳು ಬೆರೆತಿರುತ್ತಿತ್ತು.

"ಮಾಮಾ, ಹೊಕ್ಕುಳಿಂದ ಸೋಂಕು ಒಳಗೆ ಹೋಗಿದೆ. ಒಂದೇ ಟಬ್ಬಲ್ಲಿ ಇಷ್ಟೊಂದು ಹಾಕಿದ್ದೇ ತಪ್ಪು, ಒಂದರ ಈಜುಗಾಲು ಇನ್ನೊಂದು ಕಚ್ಚಿದೆ, ಪಾವಂ. ಮತ್ತೆ ನೀರಲ್ಲಿ ಏನೋ ಕೊಳೆತಿದೆ. ಹೊಟ್ಟೇಲೂ ಬೆಳ್ಳಗೆ ಏನೋ ಇದೆ. ಯಾರು ಏನು ಹಾಕಿದ್ರು?"

ಹರಿದಾಸ ಪಂಚೆಯ ತುದಿ ಹಿಂಡಿದ. "ಇಡ್ಲಿ," ಎಂದ.

"ಎನ್ನದು? ಏನಂದ್ರಿ?"

"ಮೆತ್ತಗೆ ಪುಡಿ ಮಾಡಿಯೇ ಹಾಕಿದ್ದು, ಡಾಕ್ಟ್ರಮ್ಮ. ಸಣ್ಣ ಮಕ್ಕಳಿಗೆ ಮೊದಲು ಕೊಡುವುದು ಅದನ್ನೇ ಅಲ್ವಾ? ಮೀನು ನನ್ನ ಕೈಯಲ್ಲಿ ಮುಟ್ಟಲಿಕ್ಕಾಗುವುದಿಲ್ಲ."

ಮಾಧವಿ ಬೈಯಲಿಲ್ಲ. ಮೊಟ್ಟೆಯ ಹಳದಿ ಮರಿಯ ಹೊಟ್ಟೆಯೊಳಗೇ ಉಳಿದಿರುತ್ತದೆ, ಮೊದಲ ದಿನಗಳಿಗೆ ಅದೇ ಸಾಕು, ಬೇರೇನೂ ಕೊಡಬಾರದು ಎಂದು ತಿಳಿಸಿ ಹೇಳಿದಳು. ಎಲ್ಲವೂ ನಿಮ್ಮಿಂದಲೇ ಅಲ್ಲ, ಈ ಸಲ ಮರಳೂ ಸುಡುತ್ತಿತ್ತು, ಕೆಲವು ಗೂಡಿನಲ್ಲೇ ಸೋತು ಬಂದಿದ್ದವು ಎಂದಳು. ಅವನು ಆ ಮಾತಿನ ಆಸರೆ ಹಿಡಿಯಲಿಲ್ಲ.

"ಹೊರಗಿನ ತಿಂಡಿ ಒಳಗೆ ತರಬಾರದು ಅಂತ ನಮ್ಮ ಹೋಟೆಲಲ್ಲಿ ಬೋರ್ಡೇ ಉಂಟು," ಎಂದ. "ಇವು ತಾಯಿ ಕಟ್ಟಿಕೊಟ್ಟ ಬುತ್ತಿ ತಂದಿದ್ದವು. ನಾನು ಬಲವಂತದಿಂದ ಬಡಿಸಿದೆ. ಹೋಟೆಲಲ್ಲಿ ಇಷ್ಟು ವರ್ಷ ಒಬ್ಬ ಗಿರಾಕಿಯನ್ನೂ ಕೊಂದವನಲ್ಲ. ಇಲ್ಲಿ ಬಂದು ಪುಕ್ಕಟೆ ಸೇವೆಯಲ್ಲಿ ಆ ಕೊರತೆ ತೀರಿಸಿದೆ. ಆಮೆ ಹೊಕ್ಕ ಮನೆಯ ಕಥೆ ಬಿಡಿ, ಹರಿದಾಸ ಹೊಕ್ಕ ಆಮೆಮನೆಯನ್ನು ನೋಡಿ."

ಒಂದು ಮರಿ ಬದುಕಿತ್ತು. ಟಬ್ಬಿನ ಮೂಲೆಗೆ ಮುಖ ಮಾಡಿ ಕೂತು, ಇಡ್ಲಿಯ ಕಡೆ ತಿರುಗಿಯೂ ನೋಡದ ಮರಿ. "ರುಚಿ ಗೊತ್ತಿರುವ ಗಿರಾಕಿ ಇದೊಂದೇ," ಎಂದ ಹರಿದಾಸ. ಅದನ್ನು ಬೇರೆ ಬೇಸಿನ್‌ಗೆ ಹಾಕಿ, ಒದ್ದೆ ಮರಳು ಹಾಸಿ, ಮೇಲೆ ತೇವದ ಬಟ್ಟೆ ಹೊದಿಸಿದರು. ಹೊಕ್ಕುಳು ಮುಚ್ಚುವವರೆಗೆ ಏನೂ ಮಾಡದೆ ಇರಬೇಕು ಎಂದು ಮಾಧವಿಯ ಅಪ್ಪಣೆಯಾಯಿತು.

ಹರಿದಾಸನಿಗೆ ಬಾರದ ವಿದ್ಯೆಯೆಂದರೆ ಅದೊಂದೇ. ಬಟ್ಟೆ ಒಣಗಿದರೆ ನೀರು ಚಿಮುಕಿಸುತ್ತಿದ್ದ, ಮತ್ತೆ ಕೈ ಕಟ್ಟಿ ಕೂರುತ್ತಿದ್ದ. ಬೇಸಿನ್ ಕಡೆ ಬಾಗಿ "ಊಟ..." ಎಂದು ಶುರುಮಾಡಿ, ನಾಲಗೆ ಕಚ್ಚಿಕೊಂಡು, ಸುತ್ತ ಯಾರಾದರೂ ಕೇಳಿಸಿಕೊಂಡರೋ ಎಂದು ನೋಡುತ್ತಿದ್ದ. ಹೋಟೆಲಿನಿಂದ ಬರುವಾಗ ಕೈಯಲ್ಲಿ ಪೊಟ್ಟಣವಿದ್ದರೆ ಬೇಲಿಯ ಹೊರಗಿನ ನಾಯಿಗೆ ಹಾಕಿಯೇ ಒಳಗೆ ಬರುತ್ತಿದ್ದ. "ಕೈ ನಂಬುವ ಹಾಗಿಲ್ಲ," ಎನ್ನುತ್ತಿದ್ದ.

ಒಂದು ಸಂಜೆ ಮಾಧವಿ ಮರಿಯನ್ನು ಮಗುಚಿ ನೋಡಿ, "ಶರಿ ಮಾಮಾ, ಬಿಡೋಣ," ಎಂದಳು.

ಮರಿಯನ್ನು ನೀರಂಚಿನಿಂದ ಸ್ವಲ್ಪ ದೂರದಲ್ಲಿ ಮರಳಿಗೆ ಇಳಿಸಿದರು. ಮೊದಲ ಅಲೆ ಅದನ್ನು ಮಗುಚಿ ಹರಿದಾಸನ ಕಾಲಬುಡಕ್ಕೆ ತಂದು ಹಾಕಿತು. ಅವನು ಬಗ್ಗಿದ.

"ಮುಟ್ಟಬೇಡಿ ಮಾಮಾ. ಅದೇ ಹೋಗ್ಬೇಕು."

ಬಗ್ಗಿದವನು ಹಾಗೆಯೇ ನಿಂತ. ಮರಿ ಕತ್ತು ಒತ್ತಿ ತಾನೇ ಹೊರಳಿತು. ಎರಡನೆಯ ಅಲೆಯೂ ಹಿಂದೆ ತಳ್ಳಿತು. ಮುಂದಿನ ಅಲೆ ಸರಿದಾಗ ಮರಳ ಮೇಲೆ ಮರಿ ಇರಲಿಲ್ಲ.

"ಬದುಕುತ್ತದಾ?" ಎಂದು ಕೇಳಿದ.

"ಗೊತ್ತಿಲ್ಲ ಮಾಮಾ. ಹೆಚ್ಚಿನವು ಬದುಕೋದಿಲ್ಲ."

ಇಂಥ ಮಾತಿಗೆ ಅವನಿಂದ ಒಂದು ತಮಾಷೆ ಬಂದೇ ಬರುತ್ತಿತ್ತು. ಮಾಧವಿ ಕಾದಳು. ಹರಿದಾಸ ಪಂಚೆ ಎತ್ತಿ ಕಟ್ಟುವುದನ್ನೂ ಮರೆತು, ಮೊಣಕಾಲುದ್ದ ನೀರಿಗೆ ಇಳಿದು ಕೈ ಕಟ್ಟಿ ನಿಂತಿದ್ದ.